ಕಿಮ್ ದುಕ್-ಕೂ ಪಂದ್ಯದ ತುಣುಕಿನ ಬಗ್ಗೆ ಸದಸ್ಯರಿಗೆ ಸೂಚನೆ

ಗುಂಪಿನ ಎಲ್ಲ ಸದಸ್ಯರಿಗೆ ನಮಸ್ಕಾರ.

ದಕ್ಷಿಣ ಕೊರಿಯಾದ ಲೈಟ್‌ವೇಟ್ ಬಾಕ್ಸರ್ ಕಿಮ್ ದುಕ್-ಕೂ ಅವರ ಕೊನೆಯ ಪಂದ್ಯದ ತುಣುಕನ್ನು ಹಂಚಿಕೊಳ್ಳುವವರು, ಅವರು ಕಣದಲ್ಲಿಯೇ ಮೃತಪಟ್ಟರೆಂದು ದಯವಿಟ್ಟು ಬರೆಯಬಾರದು. ಬಡತನದಲ್ಲಿ ಬೆಳೆದ ಕಿಮ್, ಹವ್ಯಾಸಿ ಬಾಕ್ಸಿಂಗ್‌ನಲ್ಲಿ 29 ಗೆಲುವು ಹಾಗೂ 4 ಸೋಲುಗಳನ್ನು ಕಂಡು, 1978ರಲ್ಲಿ ವೃತ್ತಿಪರರಾದರು. 1982ರ ಫೆಬ್ರವರಿಯಲ್ಲಿ ಓರಿಯಂಟಲ್ ಮತ್ತು ಪೆಸಿಫಿಕ್ ಒಕ್ಕೂಟದ ಪಟ್ಟವನ್ನೂ ಗೆದ್ದರು.

ಅದೇ ವರ್ಷದ ನವೆಂಬರ್ 13ರಂದು ಲಾಸ್ ವೇಗಸ್‌ನಲ್ಲಿ ಡಬ್ಲ್ಯುಬಿಎ (ವಿಶ್ವ ಪ್ರಶಸ್ತಿ ಪಂದ್ಯಗಳನ್ನು ಮಾನ್ಯಮಾಡುವ ಬಾಕ್ಸಿಂಗ್ ಸಂಸ್ಥೆ) ಚಾಂಪಿಯನ್ ರೇ ಮ್ಯಾನ್ಸಿನಿಯವರನ್ನು ಎದುರಿಸುವ ಮೊದಲು, ಲೈಟ್‌ವೇಟ್ ವರ್ಗದ 135 ಪೌಂಡ್ ಮಿತಿಯೊಳಗೆ ತೂಕ ಇಳಿಸಲು ಅವರು ಬಹಳ ಪಾಡುಪಟ್ಟಿದ್ದರು. ಬಹುಹೊತ್ತು ಸರಿಸಮನಾಗಿ ಕಾದಾಡಿದ ಅವರು (ತುಣುಕುಗಳಲ್ಲಿ ಕಾಣದೆ ಹೋಗುವುದು ಇದೇ) 14ನೆಯ ಸುತ್ತಿನ ಆರಂಭದಲ್ಲಿ ನೆಲಕ್ಕುರುಳಿ, ಹಗ್ಗ ಹಿಡಿದು ಎದ್ದುನಿಂತಾಗ, ರೆಫರಿ ಪಂದ್ಯವನ್ನು ನಿಲ್ಲಿಸಿದರು. ಕೆಲವೇ ನಿಮಿಷಗಳಲ್ಲಿ ಪ್ರಜ್ಞೆ ತಪ್ಪಿದ ಅವರು, ಮಿದುಳಿನ ರಕ್ತಸ್ರಾವಕ್ಕೆ ಶಸ್ತ್ರಚಿಕಿತ್ಸೆ ನಡೆದರೂ ಚೇತರಿಸಿಕೊಳ್ಳದೆ, ಕೆಲವು ದಿನಗಳ ನಂತರ ಆಸ್ಪತ್ರೆಯಲ್ಲಿ ನಿಧನರಾದರು.

ಈ ಸಾವಿನ ಬಳಿಕ ಪ್ರಶಸ್ತಿ ಪಂದ್ಯಗಳನ್ನು 15 ಸುತ್ತುಗಳಿಂದ 12ಕ್ಕೆ ಮೊದಲು ಇಳಿಸಿದ್ದು ಅಂಥದೇ ಇನ್ನೊಂದು ಸಂಸ್ಥೆಯಾದ ಡಬ್ಲ್ಯುಬಿಸಿ. ಈ ಪಂದ್ಯವನ್ನು ಮಾನ್ಯಮಾಡಿದ್ದ ಡಬ್ಲ್ಯುಬಿಎ ಆ ಹೆಜ್ಜೆ ಇಟ್ಟದ್ದು ವರ್ಷಗಳ ಬಳಿಕ. ಇವೆರಡನ್ನೂ ದಯಮಾಡಿ ಬೆರೆಸಬೇಡಿ.