ಮಾಗಿಯ ಚಳಿಯಲ್ಲಿ ಮತ್ತೆ ಓಡತೊಡಗಿದಾಗ

ಮಾನ್ಯರೇ,

ಧನುರ್ಮಾಸದ ಪೂಜೆಯ ಗಂಟೆಗೆ ಎಚ್ಚರವಾದರೂ ನಾನು ಮನೆಯಿಂದ ಹೊರಡುವುದು ಬಿಸಿಲು ಬಿದ್ದ ಮೇಲೆ. ಏಳು ಗಂಟೆಯ ಹೊತ್ತಿಗೆ ಮೈಸೂರಿನ ಕುಕ್ಕರಹಳ್ಳಿ ಕೆರೆಯ ಏರಿಯನ್ನು ತಲುಪಿ, ಹತ್ತು ನಿಮಿಷ ನಡೆದು ಮೈ ಬೆಚ್ಚಗಾದ ನಂತರ ನಿಧಾನವಾಗಿ ಓಡತೊಡಗುತ್ತೇನೆ. ನೀರಿನ ಮೇಲಿನ ಮಂಜು ಆಗಿನ್ನೂ ಪೂರ್ತಿ ಕರಗಿರುವುದಿಲ್ಲ. ನೀರುಕಾಗೆಗಳು ರೆಕ್ಕೆ ಬಿಚ್ಚಿ ಬಿಸಿಲಿಗೆ ಒಡ್ಡಿಕೊಂಡು ಕುಳಿತಿರುತ್ತವೆ. ಕಳೆದ ಭಾನುವಾರ ಅಲ್ಲಿ ಎಲ್ಲೂ ನಿಲ್ಲದೆ 20 ನಿಮಿಷ ಓಡಿದೆ. ಹೃದಯದ ರಕ್ತನಾಳದಲ್ಲಿ ಅದನ್ನು ತೆರೆದಿಡುವ ಸ್ಟೆಂಟ್ ಎಂಬ ಪುಟ್ಟ ಜಾಲರಿ ಕೊಳವೆ ಇರುವ, 61 ವರ್ಷದ ನನಗೆ ಇದು ಸಣ್ಣ ಸಂಗತಿಯಲ್ಲವಾದ್ದರಿಂದ, ಮತ್ತು ಇದೇ ಸ್ಥಿತಿಯಲ್ಲಿರುವ ಅನೇಕರು ಭಯದಿಂದ ಮನೆಯೊಳಗೇ ಉಳಿದಿರುವುದನ್ನು ಬಲ್ಲೆನಾದ್ದರಿಂದ ಈ ಪತ್ರ.

ಎರಡು ವರ್ಷಗಳ ಹಿಂದೆ ನನಗೆ ಹೃದಯಾಘಾತವಾಗಿ, ಕಟ್ಟಿಕೊಂಡ ರಕ್ತನಾಳವನ್ನು ತೆರೆಯುವ ಆಂಜಿಯೋಪ್ಲಾಸ್ಟಿ ನಡೆಯಿತು. ಬಿಡುಗಡೆಯ ದಿನ ಆಸ್ಪತ್ರೆಯವರು ಕೊಟ್ಟ ಚೀಟಿಯಲ್ಲಿ ಮಾತ್ರೆಗಳ ಪಟ್ಟಿಯೂ ಉಪ್ಪು-ಎಣ್ಣೆಯ ಬಗ್ಗೆ ಎಚ್ಚರಿಕೆಯೂ ಇದ್ದವು. ದೇಹಶ್ರಮದ ಬಗ್ಗೆ ಇದ್ದದ್ದು ‘ಆಯಾಸ ಮಾಡಿಕೊಳ್ಳಬೇಡಿ’ ಎಂಬ ಒಂದೇ ಮಾತು. ಎಷ್ಟು ನಡೆದರೆ ಆಯಾಸ, ಯಾವಾಗ ಮೆಟ್ಟಿಲು ಹತ್ತಬಹುದು ಎಂದು ಯಾರೂ ಹೇಳಲಿಲ್ಲ. ಕೇಳುವ ಧೈರ್ಯ ನನಗೂ ಬರಲಿಲ್ಲ. ತರಕಾರಿ ಚೀಲವನ್ನು ಕೂಡ ಮನೆಯವರು ನನ್ನ ಕೈಯಿಂದ ತೆಗೆದುಕೊಳ್ಳುತ್ತಿದ್ದರು. ಆರು ತಿಂಗಳು ಹೀಗೆ ಕುಳಿತಿದ್ದರಿಂದ ತೊಡೆಯ ಸ್ನಾಯುಗಳು ಸೊರಗಿ, ಕೊನೆಗೆ ಬಚ್ಚಲುಮನೆಗೆ ಹೋಗಿ ಬಂದರೂ ಏದುಸಿರು ಬರುವಂತಾಯಿತು. ಬೇರೊಬ್ಬ ವೈದ್ಯರು ಎಕೋ (ಹೃದಯದ ಸ್ಕ್ಯಾನ್) ಮತ್ತು ನಡೆಸುತ್ತಲೇ ಹೃದಯವನ್ನು ಗಮನಿಸುವ ಟ್ರೆಡ್‌ಮಿಲ್ ಪರೀಕ್ಷೆ ಮಾಡಿಸಿ, ‘ನಡೆಯದಿರುವುದೇ ನಿಮಗೆ ಈಗ ತೊಂದರೆ’ ಎಂದ ಮೇಲೆ ನಡಿಗೆ ಆರಂಭವಾಯಿತು. ಅಷ್ಟರಲ್ಲಿ ಕಳೆದ ಮಳೆಗಾಲದ ಡೆಂಗಿ ಜ್ವರ ಗಳಿಸಿದ್ದನ್ನೆಲ್ಲ ಕಿತ್ತುಕೊಂಡಿತು. ಜ್ವರ ಬಿಟ್ಟು ಎಷ್ಟೋ ವಾರಗಳಾದರೂ ಕಾಲುಗಳಲ್ಲಿ ಕಸುವಿರಲಿಲ್ಲ. ಮತ್ತೆ ಮನೆಯ ಅಂಗಳದಿಂದಲೇ ಶುರು ಮಾಡಿದೆ.

ಹೀಗೆ ಚೇತರಿಸಿಕೊಳ್ಳುವವರಿಗೆ ನಮ್ಮ ಮೈಸೂರು ಸೀಮೆಯ ಚಳಿಗಾಲದಷ್ಟು ಒಳ್ಳೆಯ ಕಾಲ ಮತ್ತೊಂದಿಲ್ಲ. ಬೇಸಿಗೆಯಲ್ಲಿ ಓಡುವಾಗ ಹೃದಯವು ಸ್ನಾಯುಗಳಿಗೆ ರಕ್ತ ಒದಗಿಸುವುದರ ಜೊತೆಗೆ, ಮೈಯ ಕಾವು ಇಳಿಸಲು ಚರ್ಮಕ್ಕೂ ಹೆಚ್ಚು ರಕ್ತ ಕಳಿಸಬೇಕಾಗುತ್ತದೆ. ತಂಪು ಹವೆಯಲ್ಲಿ ಈ ಎರಡನೆಯ ಹೊರೆ ಕಡಿಮೆಯಾಗುವುದರಿಂದ ಅದೇ ವೇಗಕ್ಕೆ ಎದೆಬಡಿತ ಕಡಿಮೆ ಸಾಕಾಗುತ್ತದೆ. ಏಪ್ರಿಲ್‌ನಲ್ಲಿ ಬಿರುಸಾಗಿ ನಡೆದರೂ ಸೋಲುತ್ತಿದ್ದ ನಾನು ಈಗ ಓಡುತ್ತಿದ್ದೇನೆ. ಮೊದಲು ಒಂದು ನಿಮಿಷ ಓಡಿ ಮೂರು ನಿಮಿಷ ನಡೆಯುತ್ತಿದ್ದೆ, ಆಮೇಲೆ ಎರಡಕ್ಕೆ ಎರಡು. ಕೆರೆಯ ಸುತ್ತ ಮಣ್ಣಿನ ದಾರಿ ಇರುವುದು ಮಂಡಿಗಳಿಗೂ ಹಿತ. ಓಟ ಮುಗಿಸಿ ಬೆವರಿದ ಮೈಗೆ ತಣ್ಣನೆಯ ಗಾಳಿ ತಾಗಿದಾಗ ಆಗುವ ಸುಖವನ್ನು ನಾನು ಮತ್ತೆ ಕಾಣುತ್ತೇನೆಂದು ಎಣಿಸಿರಲಿಲ್ಲ.

ಆದರೆ ಇದೇ ಚಳಿ ಹೃದ್ರೋಗಿಗಳಿಗೆ ಅಪಾಯವನ್ನೂ ತರಬಲ್ಲದು. ತಣ್ಣನೆಯ ಗಾಳಿಗೆ ರಕ್ತನಾಳಗಳು ಸಂಕುಚಿಸಿ ರಕ್ತದೊತ್ತಡ ಏರುತ್ತದೆ. ನಸುಕಿನ ಐದಕ್ಕೇ ಬಂದು, ಮೈ ಕಾಯಿಸಿಕೊಳ್ಳದೆ ಒಮ್ಮೆಲೇ ಓಡುವ ನನ್ನ ವಯಸ್ಸಿನವರನ್ನು ಕಂಡರೆ ಆತಂಕವಾಗುತ್ತದೆ. ಹೃದಯ ಬಡಿತವನ್ನು ತಗ್ಗಿಸುವ ಬೀಟಾ ಬ್ಲಾಕರ್ ಮಾತ್ರೆ ನುಂಗುವವರು ಕೈಗಡಿಯಾರ ತೋರಿಸುವ ಎದೆಬಡಿತದ ಅಂಕಿಯನ್ನು ಮಾತ್ರ ನೆಚ್ಚಿಕೊಳ್ಳುವಂತಿಲ್ಲ. ಓಡುತ್ತಲೇ ಒಂದು ಪೂರ್ತಿ ವಾಕ್ಯ ಮಾತನಾಡಲು ಸಾಧ್ಯವಾಗುವಷ್ಟು ವೇಗವೇ ಸರಿಯಾದ ವೇಗ ಎಂದು ವೈದ್ಯರು ಹೇಳಿಕೊಟ್ಟ ಅಳತೆಯನ್ನೇ ನಾನು ಪಾಲಿಸುತ್ತಿದ್ದೇನೆ. ಎದೆ ಬಿಗಿದರೆ, ತಲೆ ಸುತ್ತಿದರೆ ಅಲ್ಲಿಗೇ ನಿಲ್ಲಬೇಕು. ಜ್ವರವಿದ್ದ ದಿನ ಓಟ ಬೇಡವೇ ಬೇಡ.

ಹೃದಯಾಘಾತದ ನಂತರ ವೈದ್ಯರ ಮೇಲ್ವಿಚಾರಣೆಯಲ್ಲಿ ಕ್ರಮವಾಗಿ ಮಾಡುವ ವ್ಯಾಯಾಮದಿಂದ ಮತ್ತೆ ಆಸ್ಪತ್ರೆ ಸೇರುವ ಸಂಭವ ಕಡಿಮೆಯಾಗುತ್ತದೆ ಎಂಬುದು ವೈದ್ಯಲೋಕಕ್ಕೆ ಹೊಸ ವಿಷಯವೇನಲ್ಲ. ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯ ಮೂಲಕ ತಾಲ್ಲೂಕು ಆಸ್ಪತ್ರೆಗಳಲ್ಲೂ ಹೃದಯಾಘಾತವಾದ ಮೊದಲ ಗಂಟೆಗಳಲ್ಲೇ ರಕ್ತದ ಹೆಪ್ಪು ಕರಗಿಸುವ ದುಬಾರಿ ಚುಚ್ಚುಮದ್ದನ್ನು ಉಚಿತವಾಗಿ ಕೊಡಿಸುತ್ತಿರುವ ರಾಜ್ಯ ಸರ್ಕಾರವು, ಹಾಗೆ ಬದುಕುಳಿದವರ ಮುಂದಿನ ಆರು ತಿಂಗಳ ಕಡೆಗೂ ಗಮನ ಕೊಡಬೇಕು. ಬಿಡುಗಡೆಯ ಚೀಟಿಯ ಜೊತೆಗೆ, ಯಾವ ವಾರ ಎಷ್ಟು ನಿಮಿಷ ನಡೆಯಬೇಕು, ಯಾವ ಲಕ್ಷಣ ಕಂಡರೆ ನಿಲ್ಲಬೇಕು, ಯಾವ ಪರೀಕ್ಷೆಯ ನಂತರ ಓಡಬಹುದು ಎಂಬುದನ್ನು ಆಯಾ ರೋಗಿಗೆ ತಕ್ಕಂತೆ ಕನ್ನಡದಲ್ಲಿ ಬರೆದುಕೊಡುವ ಏರ್ಪಾಡನ್ನು ಸರ್ಕಾರಿ ಹಾಗೂ ಖಾಸಗಿ ಆಸ್ಪತ್ರೆಗಳೆರಡರಲ್ಲೂ ಕಡ್ಡಾಯ ಮಾಡಬೇಕೆಂದು ಆರೋಗ್ಯ ಇಲಾಖೆಯನ್ನು ಕೋರುತ್ತೇನೆ. ರೋಗಿಯ ಮನೆಯವರನ್ನೂ ಕೂರಿಸಿಕೊಂಡು ಅದನ್ನು ಓದಿ ಹೇಳಿದರೆ ಇನ್ನೂ ಒಳ್ಳೆಯದು.

— ನಿವೃತ್ತ ಶಿಕ್ಷಕ, ಮೈಸೂರು