ಫಂಡ್‌ನ ಲಾಭದ ಪಟ್ಟಿಯಲ್ಲಿ ದೇಶಗಳ ಪಾಲೂ ಇರಲಿ

ಮಾನ್ಯರೆ,

ಉದಯೋನ್ಮುಖ ಮಾರುಕಟ್ಟೆಗಳ, ಅಂದರೆ ಚೀನಾ, ಭಾರತದಂಥ ಬೆಳೆಯುತ್ತಿರುವ ದೇಶಗಳ ಷೇರುಗಳಲ್ಲಿ ಹೂಡುವ ಫಂಡ್ ಕೊಳ್ಳಲು ಹೊರಟವರಿಗೆ ಮೊದಲು ಸಿಗುವ ಭರವಸೆ, ಹಣ ಹತ್ತಾರು ದೇಶಗಳ ನೂರಾರು ಕಂಪನಿಗಳಲ್ಲಿ ಹಂಚಿಹೋಗಿರುತ್ತದೆ ಎಂಬುದು. ಒಂದು ಕಂಪನಿ ಮುಳುಗಿದಾಗ ಈ ಹಂಚಿಕೆ ಕಾಪಾಡುತ್ತದೆ. ದೇಶವೇ ಬಾಗಿಲು ಹಾಕಿದಾಗ ಅದರ ಬಲ ಕುಗ್ಗುತ್ತದೆ.

ರಷ್ಯಾದಲ್ಲಿ ಆದದ್ದು ಅದೇ. 2022ರ ಫೆಬ್ರುವರಿ 24ರಂದು ಉಕ್ರೇನ್ ಮೇಲೆ ದಾಳಿ ಶುರುವಾಯಿತು. 28ರಂದು ಮಾಸ್ಕೊ ಷೇರುಪೇಟೆ ತೆರೆಯಲಿಲ್ಲ. ಮಾರ್ಚ್ 9ರಂದು, ಅನೇಕ ಫಂಡ್‌ಗಳು ಅನುಸರಿಸುವ ಸೂಚ್ಯಂಕಗಳನ್ನು ರೂಪಿಸುವ ಎಂಎಸ್‌ಸಿಐ ಸಂಸ್ಥೆ ತನ್ನ ಉದಯೋನ್ಮುಖ ಮಾರುಕಟ್ಟೆಗಳ ಸೂಚ್ಯಂಕದಿಂದ ರಷ್ಯಾದ ಷೇರುಗಳನ್ನು ತೆಗೆದುಹಾಕಿತು, ಅದೂ ಹೆಚ್ಚುಕಡಿಮೆ ಸೊನ್ನೆ ಬೆಲೆ ಕಟ್ಟಿ. ಅಲ್ಲಿನ ಕಂಪನಿ ಗಾಜ್‌ಪ್ರಾಮ್ ಅನಿಲ ಮಾರುತ್ತಲೇ ಇತ್ತು, ದೊಡ್ಡ ಬ್ಯಾಂಕಾದ ಸ್ಬೆರ್‌ಬ್ಯಾಂಕ್ ಬಾಗಿಲು ತೆರೆದೇ ಇತ್ತು. ಮಾರ್ಚ್ 24ರಂದು ಪೇಟೆ ಭಾಗಶಃ ತೆರೆದಾಗಲೂ ವಿದೇಶಿಯರು ಷೇರು ಮಾರುವಂತಿರಲಿಲ್ಲ. ಅನೇಕ ದೇಶಗಳ ಫಂಡ್‌ನಲ್ಲಿದ್ದವರು ನೂರರಲ್ಲಿ ಮೂರು ರೂಪಾಯಿಯಷ್ಟು ಕಳೆದುಕೊಂಡು ಪಾರಾದರು. ರಷ್ಯಾಕ್ಕೆಂದೇ ಇದ್ದ ಹಲವು ಫಂಡ್‌ಗಳು ಯೂನಿಟ್ ವಾಪಸ್ ಪಡೆದು ಹಣ ಕೊಡುವುದನ್ನೇ ನಿಲ್ಲಿಸಿದವು. ಒಂದೇ ದೇಶದ ಫಂಡ್‌ಗೂ ಹಲವು ದೇಶಗಳ ಫಂಡ್‌ಗೂ ಇರುವ ವ್ಯತ್ಯಾಸ ಇದು. ಕಳೆದ ವರ್ಷ ಕೊಟ್ಟ ಲಾಭ ನೋಡಿ ಒಂದೇ ದೇಶದ ಫಂಡ್‌ಗೆ ನುಗ್ಗುವವರು ಇದನ್ನು ತಿಳಿದಿರಲೇಬೇಕು.

ಸರ್ಕಾರದ ಒಂದು ಆದೇಶವೂ ಸಾಕು. 2021ರ ಜುಲೈಯಲ್ಲಿ ಚೀನಾ ಸರ್ಕಾರ ಶಾಲಾ ಪಠ್ಯದ ಟ್ಯೂಷನ್ ಹೇಳುವ ಕಂಪನಿಗಳು ಲಾಭ ಮಾಡಕೂಡದು ಎಂದಿತು. ನ್ಯೂಯಾರ್ಕ್ ಪೇಟೆಯಲ್ಲಿ ಅಂಥ ಕಂಪನಿಗಳ ಷೇರುಗಳು ಒಂದೇ ದಿನದಲ್ಲಿ ಅರ್ಧಕ್ಕಿಂತ ಕೆಳಗಿಳಿದವು.

ಇನ್ನು ಕರೆನ್ಸಿ. ಫಂಡ್ ಕೊಂಡ ವಿದೇಶಿ ಷೇರಿನ ಬೆಲೆ ಆ ದೇಶದ ಹಣದಲ್ಲಿ ಶೇ 20 ಏರಿತೆನ್ನಿ. ಅದೇ ಅವಧಿಯಲ್ಲಿ ಆ ಹಣ ಡಾಲರ್ ಎದುರು ಶೇ 25 ಇಳಿದರೆ 100 ರೂಪಾಯಿ 90 ಆಗುತ್ತದೆ (1.20 × 0.75). ಡಾಲರ್ ನಮ್ಮ ರೂಪಾಯಿ ಎದುರು ಶೇ 4 ಏರಿದ್ದರೂ ಕೈಗೆ ಬರುವುದು ಸುಮಾರು 93.60. ಷೇರು ಗೆದ್ದಿತು, ಹೂಡಿದವರು ಸೋತರು. 2021ರಲ್ಲಿ ಟರ್ಕಿಯ ಲೀರಾ ಒಂದೇ ವರ್ಷದಲ್ಲಿ ಡಾಲರ್ ಎದುರು ಶೇ 40ಕ್ಕೂ ಹೆಚ್ಚು ಕುಸಿದಿತ್ತು.

ನಮ್ಮವರು ಕಡೆಗಣಿಸುವ ಮಾತೊಂದಿದೆ. ಎಂಎಸ್‌ಸಿಐನ ಈ ಸೂಚ್ಯಂಕದಲ್ಲಿ ಚೀನಾ, ತೈವಾನ್, ದಕ್ಷಿಣ ಕೊರಿಯಾಗಳ ಜೊತೆ ಭಾರತವೂ ದೊಡ್ಡ ಪಾಲುದಾರ. ಹಣ ಹೊರದೇಶಕ್ಕೆ ಹೋಯಿತೆಂದುಕೊಂಡವರು ಅದರಲ್ಲೊಂದು ಭಾಗದಿಂದ ಮತ್ತೆ ಭಾರತದ್ದೇ ದೊಡ್ಡ ಬ್ಯಾಂಕು, ಐಟಿ ಕಂಪನಿಗಳನ್ನು ಕೊಂಡಿರಬಹುದು. ತಮ್ಮ ನಿಫ್ಟಿ ಫಂಡ್‌ನಲ್ಲಿ ಆಗಲೇ ಇರುವವೇ ಅವು. ಫಂಡ್ ಮನೆ ಪ್ರತಿ ತಿಂಗಳು ಹೊರತರುವ ಮಾಹಿತಿ ಪತ್ರದಲ್ಲಿ (ಫ್ಯಾಕ್ಟ್‌ಶೀಟ್) ಸಾಮಾನ್ಯವಾಗಿ ದೇಶವಾರು ಪಾಲು ಇರುತ್ತದೆ. ಅಲ್ಲಿ ಇಲ್ಲದಿದ್ದರೆ ನಮ್ಮ ಯೋಜನೆ ಹಣ ಹಾಕುವ ಮೂಲ ವಿದೇಶಿ ಫಂಡ್‌ನ ಹೆಸರು ಹಿಡಿದು ಅದರ ಫ್ಯಾಕ್ಟ್‌ಶೀಟ್ ತೆಗೆದು ನೋಡಬೇಕು.

ಇಂಥವುಗಳಲ್ಲಿ ಹಲವು 'ಫಂಡ್ ಆಫ್ ಫಂಡ್ಸ್'. ನಿಮ್ಮ ಹಣ ಇಲ್ಲಿನ ಯೋಜನೆಗೆ, ಅಲ್ಲಿಂದ ವಿದೇಶದ ಇನ್ನೊಂದು ಫಂಡ್‌ಗೆ. ವೆಚ್ಚವೂ ಎರಡು ಕಡೆ ಕಡಿತವಾಗುತ್ತದೆ. ಇಲ್ಲಿನ ಶೇಕಡಾವಾರು ವೆಚ್ಚವನ್ನಷ್ಟೇ ನೋಡಿ ಅಗ್ಗ ಎನ್ನಬೇಡಿ, ಮೂಲ ಫಂಡ್‌ನದ್ದನ್ನೂ ಕೂಡಿಸಿ. ಮಾರಿದ ಹಣ ಬರುವುದೂ ದೇಶೀ ಈಕ್ವಿಟಿ ಫಂಡ್‌ಗಿಂತ ತಡ, ಐದು ಕೆಲಸದ ದಿನಗಳವರೆಗೂ ಹಿಡಿಯಬಹುದು. ಮಗಳ ಕಾಲೇಜು ಶುಲ್ಕದ ಹಣ ಇಲ್ಲಿಡುವುದು ಸಲ್ಲದು.

ನಮ್ಮ ಕಡೆಯ ಬಾಗಿಲೂ ಮುಚ್ಚಬಹುದು. ಮ್ಯೂಚುವಲ್ ಫಂಡ್‌ಗಳೆಲ್ಲ ಸೇರಿ ವಿದೇಶದಲ್ಲಿ ಹೂಡಲು 700 ಕೋಟಿ ಡಾಲರ್ ಮಿತಿಯಿದೆ. ಅದು ತುಂಬುತ್ತ ಬಂದಾಗ, 2022ರ ಆರಂಭದಲ್ಲಿ, ಅನೇಕ ಯೋಜನೆಗಳು ಹೊಸ ಹಣ ಪಡೆಯುವುದನ್ನು ನಿಲ್ಲಿಸಿದವು. ಬೆಲೆ ಇಳಿದಾಗ ಕಂತಿನಲ್ಲಿ ಇನ್ನಷ್ಟು ಕೊಳ್ಳುವ ಲೆಕ್ಕ ಅಲ್ಲಿಗೆ ತಪ್ಪುತ್ತದೆ. ಷೇರಿನಂತೆ ಪೇಟೆಯಲ್ಲೇ ಕೊಂಡು ಮಾರುವ ಫಂಡ್‌ಗಳಾದ ಇಟಿಎಫ್‌ಗಳದ್ದು ಬೇರೆ ತೊಂದರೆ. ಮಿತಿಯಿಂದಾಗಿ ಹೊಸ ಯೂನಿಟ್ ಹುಟ್ಟದೆ ಬೇಡಿಕೆ ಮಾತ್ರ ಏರಿದರೆ, ಪೇಟೆಯ ದರ ಎನ್‌ಎವಿಗಿಂತ (ಒಂದು ಯೂನಿಟ್‌ನ ನಿಜವಾದ ಮೌಲ್ಯ) ಬಹಳ ಮೇಲೆ ನಿಲ್ಲುತ್ತದೆ. ನೂರರ ಸರಕಿಗೆ ನೂರಹತ್ತು ಕೊಟ್ಟು ಕೊಂಡವರಿಗೆ, ಆ ಅಂತರ ಕರಗಿದ ದಿನವೇ ನಷ್ಟ. ಆರ್ಡರ್ ಹಾಕುವ ಮುನ್ನ ಫಂಡ್ ಮನೆಯ ಜಾಲತಾಣದಲ್ಲಿರುವ ಆ ಕ್ಷಣದ ಎನ್‌ಎವಿಯನ್ನು ಪರದೆಯ ದರದ ಪಕ್ಕದಲ್ಲಿಟ್ಟು ನೋಡುವುದಕ್ಕೆ ಒಂದು ನಿಮಿಷ ಸಾಕು.

ತಮ್ಮಲ್ಲಿ ಒಂದು ವಿನಂತಿ. ಹಣಕಾಸು ಪುಟದಲ್ಲಿ ವಿದೇಶಿ ಫಂಡ್‌ಗಳ ಒಂದು ವರ್ಷ, ಮೂರು ವರ್ಷದ ಲಾಭದ ಪಟ್ಟಿ ಪ್ರಕಟಿಸುವಾಗ ಇನ್ನೆರಡು ಕಲಂ ಸೇರಿಸಿ: ಅತಿ ದೊಡ್ಡ ಮೂರು ದೇಶಗಳ ಪಾಲು, ಎರಡೂ ಕಡೆಯ ಒಟ್ಟು ವೆಚ್ಚ.

— ಓದುಗ, ದಾವಣಗೆರೆ