ಟ್ರಾನ್ಸಿಟ್ ವೀಸಾ ಬೇಕೋ ಬೇಡವೋ, ದುಡ್ಡು ಕಟ್ಟುವ ಮೊದಲೇ ಹೇಳಿಸಿ

ಮಾನ್ಯ ನಾಗರಿಕ ವಿಮಾನಯಾನ ಸಚಿವರಿಗೆ,

ನಮಸ್ಕಾರ. ಹೋಗುವ ದೇಶಕ್ಕೆ ವೀಸಾ ಬೇಕು ಅಂತ ಎಲ್ಲರಿಗೂ ಗೊತ್ತು. ನಡುವೆ ವಿಮಾನ ಬದಲಿಸುವ ದೇಶಕ್ಕೂ ಕೆಲವೊಮ್ಮೆ ವೀಸಾ ಬೇಕಾಗುತ್ತದೆ, ಅದೇ ಟ್ರಾನ್ಸಿಟ್ ವೀಸಾ. ಇದು ಬಹಳ ಜನರಿಗೆ ಗೊತ್ತಾಗುವುದು ಚೆಕ್-ಇನ್ ಕೌಂಟರಿನಲ್ಲಿ, ಸೂಟ್‌ಕೇಸ್ ತೂಕಕ್ಕೆ ಇಟ್ಟ ಮೇಲೆ. ಆ ದೇಶಗಳ ನಿಯಮ ಬದಲಿಸುವುದು ನಿಮ್ಮ ಕೈಯಲ್ಲಿಲ್ಲ. ಟಿಕೆಟ್ ಮಾರುವವರ ಕೈಲಿ ಇದನ್ನು ಮೊದಲೇ ಹೇಳಿಸುವುದು ನಿಮ್ಮಿಂದ ಆಗುತ್ತದೆ.

ನಿಯಮ ಎಷ್ಟು ಗೋಜಲು ನೋಡಿ. ಭಾರತದ ಪಾಸ್‌ಪೋರ್ಟ್ ಇರುವ ಇಬ್ಬರು ಒಂದೇ ವಿಮಾನದಲ್ಲಿ ಅಕ್ಕಪಕ್ಕ ಕೂತು ಲಂಡನ್‌ಗೆ ಹೋಗುತ್ತಾರೆ ಅಂದುಕೊಳ್ಳಿ. ಇಬ್ಬರೂ ಅಲ್ಲಿ ಬರೀ ವಿಮಾನ ಬದಲಿಸುವವರು. ಒಬ್ಬರ ಬಳಿ ಅಮೆರಿಕದ ಚಾಲ್ತಿ ವೀಸಾ ಇದೆ, ಅವರಿಗೆ ಟ್ರಾನ್ಸಿಟ್ ವೀಸಾ ಬೇಡ. ಇನ್ನೊಬ್ಬರು ದಕ್ಷಿಣ ಅಮೆರಿಕದ ಯಾವುದೋ ದೇಶಕ್ಕೆ ಹೊರಟವರು, ಅವರ ಬಳಿ ಅಂಥ ವೀಸಾ ಇಲ್ಲ. ಅವರು ವಿಮಾನ ನಿಲ್ದಾಣದಿಂದ ಹೊರಗೆ ಕಾಲಿಡದಿದ್ದರೂ ಮೊದಲೇ ವೀಸಾ ಮಾಡಿಸಿರಬೇಕು. ಅಮೆರಿಕದಲ್ಲಂತೂ ಇಮಿಗ್ರೇಷನ್ ದಾಟದೆ ಒಳಗೇ ಇದ್ದು ವಿಮಾನ ಬದಲಿಸುವ ವ್ಯವಸ್ಥೆಯೇ ಇಲ್ಲ. ವೀಸಾ ಇಲ್ಲದೆ ದಾಟಿ ಹೋಗುವ ಸೌಲಭ್ಯ ಅಲ್ಲಿ ಮೊದಲು ಇತ್ತು, 2003ರಲ್ಲಿ ನಿಲ್ಲಿಸಿದರು.

ಯುರೋಪಿನ ಷೆಂಗೆನ್ ದೇಶಗಳದ್ದು, ಅಂದರೆ ಒಂದೇ ವೀಸಾ ನಿಯಮ ಇಟ್ಟುಕೊಂಡ ದೇಶಗಳ ಗುಂಪಿನದ್ದು, ಮತ್ತೊಂದು ಕಥೆ. ಯಾವ ದೇಶದವರಿಗೆ ಏರ್‌ಪೋರ್ಟ್ ಟ್ರಾನ್ಸಿಟ್ ವೀಸಾ ಕಡ್ಡಾಯ ಅಂತ ಅವರದ್ದೊಂದು ಸಾಮಾನ್ಯ ಪಟ್ಟಿ ಇದೆ. ಅದರ ಜೊತೆಗೆ ಒಂದೊಂದು ದೇಶವೂ ತನ್ನದೇ ಹೆಸರುಗಳನ್ನು ಸೇರಿಸಬಹುದು. ಹಾಗಾಗಿ ಒಂದು ನಗರದಲ್ಲಿ ನಡೆದದ್ದು ಪಕ್ಕದ ದೇಶದ ನಗರದಲ್ಲಿ ನಡೆಯದೇ ಇರಬಹುದು. ಷೆಂಗೆನ್ ಒಳಗೇ ಎರಡು ಕಡೆ ವಿಮಾನ ಬದಲಿಸಿದರೆ, ಉದಾಹರಣೆಗೆ ಮೊದಲು ಮ್ಯೂನಿಕ್, ಆಮೇಲೆ ಪ್ಯಾರಿಸ್, ಟ್ರಾನ್ಸಿಟ್ ವೀಸಾ ಸಾಲುವುದೇ ಇಲ್ಲ. ಆ ನಡುವಿನ ಹಾರಾಟ ಅವರ ಲೆಕ್ಕದಲ್ಲಿ ದೇಶದೊಳಗೆ ಬಂದ ಹಾಗೆ, ಅದಕ್ಕೆ ಮಾಮೂಲಿ ಪ್ರವೇಶ ವೀಸಾನೇ ಬೇಕು. ಶುಲ್ಕದಲ್ಲೂ ರಿಯಾಯಿತಿ ಇಲ್ಲ. ಊರು ಸುತ್ತಿ ಬರುವವರಿಗೂ 90 ಯೂರೋ, ಗೇಟಿನ ಮುಂದೆ ಕುರ್ಚಿಯಲ್ಲಿ ಕೂತು ಎದ್ದು ಹೋಗುವವರಿಗೂ 90 ಯೂರೋ. ಫಾರಂ, ಫೋಟೋ, ಬೆರಳಚ್ಚು, ಮುಂದಿನ ಪ್ರಯಾಣದ ಟಿಕೆಟ್, ಹೋಗುವ ದೇಶದ ವೀಸಾ, ಎಲ್ಲ ಕೊಡಬೇಕು. ತೀರ್ಮಾನಕ್ಕೆ ಸಾಮಾನ್ಯವಾಗಿ 15 ದಿನ. ನಾಡಿದ್ದು ಹೊರಡುವವರಿಗೆ ಈ ವಿಷಯ ಗೊತ್ತಾಗಿ ಏನು ಪ್ರಯೋಜನ?

ಅಂದಹಾಗೆ, ರಾಜತಾಂತ್ರಿಕರಿಗೆ, ಸಚಿವರಿಗೆ ಸರ್ಕಾರ ಕೊಡುವ ಡಿಪ್ಲೊಮ್ಯಾಟಿಕ್ ಪಾಸ್‌ಪೋರ್ಟ್ ಇರುವವರಿಗೆ ಷೆಂಗೆನ್ ನಿಯಮ ಈ ವೀಸಾದಿಂದ ವಿನಾಯಿತಿ ಕೊಟ್ಟಿದೆ. ಹಾಗಾಗಿ ಈ ತೊಂದರೆ ನಿಮ್ಮ ಕಣ್ಣಿಗೆ ಬೀಳದೇ ಇದ್ದಿದ್ದರೆ ಆಶ್ಚರ್ಯವಿಲ್ಲ.

ಕೌಂಟರಿನಲ್ಲಿ ತಡೆಯುವ ಸಿಬ್ಬಂದಿಯನ್ನು ನಾನು ದೂರುವುದಿಲ್ಲ. ಸರಿಯಾದ ದಾಖಲೆ ಇಲ್ಲದವರನ್ನು ಕರೆದುಕೊಂಡು ಹೋದರೆ ಬ್ರಿಟನ್ ಸರ್ಕಾರ ವಿಮಾನ ಸಂಸ್ಥೆಗೆ ತಲೆಗೆ 2,000 ಪೌಂಡ್ ದಂಡ ಹಾಕಬಹುದು. ಅದಕ್ಕೇ ಸಿಬ್ಬಂದಿ ಟಿಮ್ಯಾಟಿಕ್ ಎಂಬ ಡೇಟಾಬೇಸ್ ನೋಡುತ್ತಾರೆ. ವಿಮಾನ ಸಂಸ್ಥೆಗಳ ಒಕ್ಕೂಟವಾದ ಐಯಾಟಾ ಅದನ್ನು ನಡೆಸುತ್ತದೆ. ಪಾಸ್‌ಪೋರ್ಟ್ ಯಾವ ದೇಶದ್ದು, ಎಲ್ಲಿಗೆ, ಯಾವ ದಾರಿಯಲ್ಲಿ ಅಂತ ಹಾಕಿದರೆ ಯಾವ ವೀಸಾ ಬೇಕು ಅಂತ ಅದು ಹೇಳುತ್ತದೆ.

ನನ್ನ ತಕರಾರು ಇರುವುದೇ ಇಲ್ಲಿ. ಹೊರಡುವ ದಿನ ಕೌಂಟರಿನ ಪರದೆ ಮೇಲೆ ಕಾಣುವ ಮಾಹಿತಿ, ಟಿಕೆಟ್ ಕೊಳ್ಳುವ ದಿನ ನಮ್ಮ ಪರದೆ ಮೇಲೆ ಯಾಕೆ ಕಾಣಬಾರದು? ಬುಕಿಂಗ್ ಪುಟ ನಮ್ಮ ರಾಷ್ಟ್ರೀಯತೆ ಕೇಳುತ್ತದೆ. ಎಲ್ಲಿ ವಿಮಾನ ಬದಲಿಸುತ್ತೇವೆ ಅಂತ ಅದಕ್ಕೇ ಗೊತ್ತು, ಆ ದಾರಿ ತೋರಿಸಿದ್ದೇ ಅದು. ಕಿಟಕಿ ಸೀಟು ಬೇಕಾ, ಊಟ ಬೇಕಾ, ವಿಮೆ ಬೇಕಾ ಅಂತ ದೊಡ್ಡ ಬಣ್ಣದ ಪೆಟ್ಟಿಗೆ ಇಟ್ಟು ಮತ್ತೆ ಮತ್ತೆ ಕೇಳುತ್ತದೆ. ವೀಸಾ ವಿಷಯ ಬಂದರೆ ಮಾತ್ರ, ಷರತ್ತುಗಳ ನಡುವೆ ಎಲ್ಲೋ ಸಣ್ಣ ಅಕ್ಷರದಲ್ಲಿ, ದಾಖಲೆಗಳ ಜವಾಬ್ದಾರಿ ಪ್ರಯಾಣಿಕರದ್ದೇ ಅಂತ ಒಂದು ಸಾಲು ಬರೆದು ಕೈತೊಳೆದುಕೊಳ್ಳುತ್ತದೆ.

ಬೇರೆ ಬೇರೆ ಕಂಪನಿಯ ಟಿಕೆಟ್ ಜೋಡಿಸಿ ಅಗ್ಗವಾಗಿ ಮಾರುವುದು ಇದಕ್ಕಿಂತ ಅಪಾಯ. ಅಲ್ಲಿ ನಡುವೆ ಲಗೇಜ್ ತಗೊಂಡು ಮತ್ತೆ ಚೆಕ್-ಇನ್ ಮಾಡಬೇಕಾಗುತ್ತದೆ. ಅದಕ್ಕೆ ಇಮಿಗ್ರೇಷನ್ ದಾಟಬೇಕಾದರೆ ಟ್ರಾನ್ಸಿಟ್ ಏರಿಯಾದ (ಇಮಿಗ್ರೇಷನ್ ದಾಟದವರು ಕಾಯುವ ಜಾಗ) ವಿನಾಯಿತಿ ಯಾವುದೂ ಉಪಯೋಗಕ್ಕೆ ಬರುವುದಿಲ್ಲ. ಪುಟದ ಮೇಲೆ ಕಾಣುವುದು ಮಾತ್ರ ಕಡಿಮೆ ದರ.

ಆದ್ದರಿಂದ ನಾನು ಕೇಳುವುದು ಇಷ್ಟೇ. ಅಂತರರಾಷ್ಟ್ರೀಯ ಟಿಕೆಟ್ ಮಾರುವ ಪ್ರತಿಯೊಂದು ಪುಟವೂ ದುಡ್ಡು ಕಟ್ಟುವ ಹಂತಕ್ಕೆ ಮೊದಲೇ 'ಈ ದಾರಿಗೆ ನಿಮಗೆ ಟ್ರಾನ್ಸಿಟ್ ವೀಸಾ ಬೇಕಾಗಬಹುದು' ಅಂತ, ಪ್ರಯಾಣಿಕರು ಓದಬಲ್ಲ ಭಾಷೆಯಲ್ಲಿ, ಸೀಟಿನ ಜಾಹೀರಾತಿನಷ್ಟೇ ದೊಡ್ಡದಾಗಿ ತೋರಿಸಲಿ. ಲಗೇಜ್ ನಡುವೆ ತಗೊಳ್ಳಬೇಕಾದರೆ ಅದನ್ನೂ ಹೇಳಲಿ. ಹೇಳದೆ ಮಾರಿದ ಟಿಕೆಟ್‌ನಿಂದಾಗಿ ಪ್ರಯಾಣ ನಿಂತರೆ ಪೂರ್ತಿ ಹಣ ವಾಪಸ್ ಕೊಡಲಿ.

ಏಜೆಂಟರು ಮಾರಿದ್ದಕ್ಕೆ ನಾವು ಹೊಣೆಯಲ್ಲ ಅಂತ ವಿಮಾನ ಸಂಸ್ಥೆಗಳು ಹೇಳಬಹುದು. ಏಜೆಂಟರ ಮೂಲಕ ಕೊಂಡ ಟಿಕೆಟ್‌ನ ಹಣ ವಾಪಸ್ ಮಾಡುವ ಹೊಣೆ ವಿಮಾನ ಸಂಸ್ಥೆಯದ್ದೇ ಅಂತ ನಿಮ್ಮ ವಿಮಾನಯಾನ ನಿಯಂತ್ರಕ ಸಂಸ್ಥೆ ಡಿಜಿಸಿಎಯ ರೀಫಂಡ್ ನಿಯಮದಲ್ಲಿ ಈಗಾಗಲೇ ಬರೆದಿದೆ. ಅದೇ ತರ್ಕ ಇಲ್ಲಿಗೂ ಹೊಂದುತ್ತದೆ ಅಲ್ವಾ? ಕರಡು ನಿಯಮ ಹೊರಡಿಸಿ ಸಾರ್ವಜನಿಕರ ಅಭಿಪ್ರಾಯ ಕೇಳಿ. ನಾವು ಬರೆದು ಕಳಿಸುತ್ತೇವೆ.

ಇಂತಿ,
ಒಬ್ಬ ವಿಮಾನ ಪ್ರಯಾಣಿಕ